ಗಂಟೆಗೆ ನಿಲ್ಲದ ಕೈ

"ಬಾಗಿಲು ಹಾಕು," ಎಂದರು ಫಾದರ್ ತೆದಾಲ್ದಿ.

ನಾನು ಹಾಕಲಿಲ್ಲ. ನಮ್ಮ ಪಾದ್ರಿಗಳ ಸಂಘದಲ್ಲಿ ಇಬ್ಬರು ಒಂದು ಕೋಣೆಯಲ್ಲಿದ್ದರೆ ಬಾಗಿಲು ತೆರೆದೇ ಇರಬೇಕು. ಮೂವತ್ತೆಂಟು ವರ್ಷದಲ್ಲಿ ಆ ನಿಯಮ ಮುರಿದವರನ್ನು ನಾನು ಕಂಡಿರಲಿಲ್ಲ. ಈಗ ಮುರಿಯಲು ಹೊರಟವರು ಕಾಲೇಜಿನ ವಿದ್ಯಾಧಿಕಾರಿ. ಒಬ್ಬ ವಿದ್ಯಾರ್ಥಿ ಮೆಟ್ಟಿಲ ಮೇಲೆ ಜೋರಾಗಿ ಸೀನಿದರೂ ನಿಯಮದ ಪುಸ್ತಕ ತೆರೆಯುವ ಮನುಷ್ಯ.

"ಏನು ಬ್ರದರ್ ನಜಾರಿಯೊ, ನಿನಗೂ ರೆಕ್ಟರ್ ಸ್ವಾಮಿ ಕಿವಿ ಬಂತಾ? ಬಾಗಿಲು ಹಾಕು ಅಂದೆ."

ಕೊನೆಗೆ ಅವರೇ ಎದ್ದು ಹಾಕಿದರು. ಅಗುಳಿಯೂ ಬಿತ್ತು. ಕಿಟಕಿಯಾಚೆ ಪೊ ನದಿಯ ಮಂಜು ಅಂಗಳವನ್ನೆಲ್ಲ ನುಂಗಿ ಕೂತಿತ್ತು. ಕೂಗಿದರೆ ಕೇಳಲು ಹೊರಗೆ ಯಾರೂ ಇರಲಿಲ್ಲ.

ಗುರುವಾರ ಮಧ್ಯಾಹ್ನ, ತತ್ತ್ವಶಾಸ್ತ್ರದ ಮುದಿ ಮೇಷ್ಟ್ರು ಫಾದರ್ ಕೊರಾದೊ ಪಾಷಾಣ ಬೆರೆತ ಕೋಳಿಸಾರು ಕುಡಿದು ಸತ್ತರು. ಬಟ್ಟಲನ್ನು ಒಳಗೆ ಒಯ್ದುಕೊಟ್ಟ ತಪ್ಪಿಗೆ ಅವರ ಶಿಷ್ಯ ಫಾದರ್ ಲೇಲಿಯೊನನ್ನು ಮೂರನೇ ಮಹಡಿಯಲ್ಲಿ ಕೂಡಿಹಾಕಿದ್ದರು. ಇಂದು, ಸೋಮವಾರ, ಸಂಜೆಯ ಪ್ರಾರ್ಥನೆ ಮುಗಿದೊಡನೆ ಬಿಷಪ್ಪರ ಕಾವಲಿನವರು ಗಾಡಿ ತಂದು ಅವನನ್ನು ಕರೆದೊಯ್ಯುವವರಿದ್ದರು. ಆ ಗಾಡಿ ಹತ್ತಿದವರು ಮರಳಿ ಬಂದದ್ದನ್ನು ನಮ್ಮೂರಿನಲ್ಲಿ ಯಾರೂ ನೋಡಿಲ್ಲ.

ಲೇಲಿಯೊ ಹದಿನಾರರ ಪೋರನಾಗಿ ಇಲ್ಲಿಗೆ ಬಂದಾಗ ಚಳಿ ತಡೆಯಲಾರದೆ ಪುಸ್ತಕ ಕಟ್ಟುವ ಅಂಟು ಕುದಿಯುವ ನನ್ನ ಮಡಕೆಯ ಹತ್ತಿರ ಕೈ ಕಾಯಿಸಲು ಬರುತ್ತಿದ್ದ. ಈಗ ಅವನಿಗೆ ಇಪ್ಪತ್ತಾರು. ನನಗೆ ಮಕ್ಕಳಿಲ್ಲ, ಇರುವಂತೆಯೂ ಇಲ್ಲ. ಇದ್ದಿದ್ದರೆ ಹೀಗಿರುತ್ತಿದ್ದ ಎಂದು ಎಷ್ಟೋ ಸಲ ಅನ್ನಿಸಿದ್ದುಂಟು. ಹಾಗೆ ಅನ್ನಿಸುವುದೂ ತಪ್ಪು ಎಂದು ನಮ್ಮವರು ಹೇಳುತ್ತಾರೆ, ಹೇಳಿಕೊಳ್ಳಲಿ.

"ಬಟ್ಟಲು ಬಾಗಿಲ ಹೊರಗಿನ ಗೂಡಿನಲ್ಲಿ ಮುಚ್ಚಿಟ್ಟಿತ್ತು, ತಗೊಂಡು ಒಳಗೆ ಕೊಟ್ಟೆ ಅಷ್ಟೇ," ಎಂದು ಅವನು ಆಣೆಯಿಟ್ಟು ಹೇಳಿದ. ಯಾರೂ ನಂಬಲಿಲ್ಲ. ಕಾರಣ, ಸತ್ತವರ ಮೇಜಿನ ಮೇಲೆ ಸಿಕ್ಕ ಹನ್ನೆರಡು ಹಾಳೆ.

ಗೆರೆ ಎಂಬುದು ಒಡೆಯಲಾಗದ ಬಿಂದುಗಳ ಸಾಲು ಎಂದು ಫಾದರ್ ಕೊರಾದೊ ಮೂವತ್ತು ವರ್ಷ ಪಾಠ ಹೇಳಿದ್ದರು. ರೋಮಿನಲ್ಲಿ ಕೂತು ನಮ್ಮವರ ಬರಹವನ್ನೆಲ್ಲ ಸೋಸುವ ಐವರು ಪರಿಶೋಧಕರು ಮೂರು ಸಲ ಆ ಮಾತನ್ನು ನಿಷೇಧಿಸಿದ್ದರು. ಮುದುಕ ಮೂರು ಸಲವೂ ತಲೆಬಾಗಿ ಕೇಳಿ, ಮಾರನೇ ದಿನ ಅದನ್ನೇ ಬೇರೆ ಮಾತಿನಲ್ಲಿ ಹೇಳುತ್ತಿದ್ದರು. ಆ ಹನ್ನೆರಡು ಹಾಳೆಯಲ್ಲಿ ಮಾತ್ರ 'ನಾನು ಹೇಳಿದ್ದೆಲ್ಲ ತಪ್ಪು, ಕ್ಷಮಿಸಿ' ಎಂದಿತ್ತು. ಗುರು ಸೋತು ಶರಣಾದದ್ದನ್ನು ಸಹಿಸಲಾರದೆ ಶಿಷ್ಯ ವಿಷವಿಟ್ಟ, ಇದು ಸಂಘದ ಮನೆಯವರೆಲ್ಲ ಒಪ್ಪಿದ ಕಥೆ.

ಆ ಹಾಳೆಗಳನ್ನು ಹೊಲಿದು ರೋಮಿಗೆ ಕಳಿಸಲು ಮನೆಯ ಮುಖ್ಯಸ್ಥರಾದ ರೆಕ್ಟರ್ ಸ್ವಾಮಿ ನನ್ನ ಕೈಗೆ ಕೊಟ್ಟಿದ್ದರು. ಪುಸ್ತಕ ಹೊಲಿಯುವವನಲ್ಲವೇ ನಾನು.

ಫಾದರ್ ತೆದಾಲ್ದಿ ಮೇಜಿನ ಮುಂದೆ ಕೂತು ಗರಿಯನ್ನು ಶಾಯಿಗೆ ಅದ್ದಿದರು. "ಹೊಲಿದು ಮುಗಿಸೋಕೆ ಹೇಳಿದ್ದು ಶನಿವಾರ. ಇನ್ನೂ ಯಾಕೆ ಹಾಳೆ ಹಿಡ್ಕೊಂಡು ಮನೆಯೆಲ್ಲ ಸುತ್ತುತ್ತಿದ್ದೀಯ? ಹೇಳು. ನಾನು ಬರೀತಾನೇ ಕೇಳ್ತೀನಿ."

"ಏನು ಬರೀತಿದ್ದೀರಿ ಸ್ವಾಮಿ?"

"ಲೇಲಿಯೊನನ್ನ ಒಪ್ಪಿಸ್ತಿದ್ದೀವಿ ಅಂತ ಬಿಷಪ್ಪರಿಗೆ ಪತ್ರ. ನಿನಗ್ಯಾಕೆ ಅದೆಲ್ಲ?"

ಅವರ ಗರಿ ಕಾಗದದ ಮೇಲೆ ಕರಕರ ಎನ್ನುತ್ತಿತ್ತು. ಗರಿ ಚೂಪು ಮಾಡುವ ಚಾಕು ಅವರ ಬಲಗೈಗೆ ಗೇಣುದ್ದದಲ್ಲಿತ್ತು. ಈ ಮನುಷ್ಯ ಹದಿನಾರು ವರ್ಷ ಫಾದರ್ ಕೊರಾದೊ ಅವರ ಪಾಠಗಳನ್ನು ನಕಲು ಮಾಡಿದ್ದರು. ರೋಮಿಗೆ ದೂರು ಬರೆದವರೂ ಇವರೇ. ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಡದ ಸಂಗತಿ ಅದು.

ನಾನು ಜೋಳಿಗೆಯಿಂದ ಒಂದು ಹಳೆಯ ಹಾಳೆ ತೆಗೆದು ಅವರ ಮುಂದಿಟ್ಟೆ.

"ಇದು ಫಾದರ್ ಕೊರಾದೊ ಅವರ ಹಳೇ ಪಾಠ. ಈ ಅಕ್ಷರ ನೋಡಿ ಸ್ವಾಮಿ. ಹೊಟ್ಟೆ ಭಾಗ ತಿಳಿ ಶಾಯಿ, ಬಾಲ ಕಡುಕಪ್ಪು. ಮಧ್ಯದಲ್ಲಿ ಒಂದು ಗಂಟು."

"ಗಂಟೆ ಹೊಡೆದಿರತ್ತೆ. ನಿಲ್ಲಿಸಿ, ಆಮೇಲೆ ಬಂದು ಮುಗಿಸಿದ್ದಾರೆ. ಇದನ್ನ ಹೇಳೋಕೆ ಬಂದ್ಯಾ?"

ಅದು ನಮ್ಮ ಪದ್ಧತಿ. ಗಂಟೆಯ ದನಿ ಕ್ರಿಸ್ತನದೇ ದನಿ ಎಂದು ಸೇರಿದ ಮೊದಲ ದಿನವೇ ಕಲಿಸುತ್ತಾರೆ. ಕೇಳಿದ ತಕ್ಷಣ ಕೈಲಿದ್ದದ್ದನ್ನು ಇದ್ದ ಹಾಗೇ ಬಿಡಬೇಕು. ಬರೆಯುತ್ತಿದ್ದರೆ ಸಾಲು ಮುಗಿಸುವಂತಿಲ್ಲ, ಪದ ಮುಗಿಸುವಂತಿಲ್ಲ, ಅಕ್ಷರವನ್ನೂ ಅರ್ಧಕ್ಕೇ ಬಿಟ್ಟು ಏಳಬೇಕು. ಹೊಸಬರು ಒಂದು ವರ್ಷ ಒದ್ದಾಡುತ್ತಾರೆ. ಆಮೇಲೆ ಕೈ ತಾನೇ ನಿಲ್ಲುತ್ತದೆ.

"ಅವರ ಇನ್ನೂರು ಹಾಳೆ ನೋಡಿದೆ ಸ್ವಾಮಿ. ಎರಡು ಮೂರು ಹಾಳೆಗೊಂದು ಕಡೆ ಇಂಥ ಗಂಟಿದೆ. ಮರಳುಗಡಿಯಾರದ ಕಡೆ ತಿರುಗಿ ನೋಡಿದವರಲ್ಲ ಅವರು. ಗಂಟೆ ಬಂದು ಕೈ ಹಿಡಿಯೋ ತನಕ ಬರೀತಿದ್ರು."

"ಸರಿ."

"ಆ ಹನ್ನೆರಡು ಹಾಳೆಯಲ್ಲಿ ಒಂದೂ ಗಂಟಿಲ್ಲ."

ಗರಿಯ ಸದ್ದು ಒಂದು ಕ್ಷಣ ನಿಂತಿತು. ಮತ್ತೆ ಶುರುವಾಯಿತು.

"ನಿನಗೆ ಲ್ಯಾಟಿನ್ ಬರಲ್ಲ," ಎಂದರು ತಲೆಯೆತ್ತದೆ.

"ಇಲ್ಲ ಸ್ವಾಮಿ." ನಮ್ಮಂಥ ಕೆಲಸದ ಬ್ರದರುಗಳು ಸೇರುವಾಗ ಬರುತ್ತಿದ್ದ ಓದಿಗಿಂತ ಹೆಚ್ಚು ಕಲಿಯುವಂತಿಲ್ಲ. ನನಗೆ ಬರುತ್ತಿದ್ದದ್ದು ಊರಮಾತಿನ ನಾಲ್ಕಕ್ಷರ. ಅದೇ ಉಪಕಾರವಾಯಿತು. ಲ್ಯಾಟಿನ್ ಬಂದಿದ್ದರೆ ಎಲ್ಲರ ಹಾಗೆ ನಾನೂ ಅರ್ಥ ಓದಿಕೊಂಡು ಸುಮ್ಮನಾಗುತ್ತಿದ್ದೆ. ಬಾರದ್ದಕ್ಕೆ ಬರೀ ಶಾಯಿ ನೋಡಿದೆ.

"ಒಂದು ಗಂಟೆಗೂ ಇನ್ನೊಂದಕ್ಕೂ ನಡುವೆ ಸ್ವಲ್ಪಸ್ವಲ್ಪ ಬರೆದಿರಬಹುದು," ಎಂದರು.

"ಹಾಗೆ ಬರೆದ್ರೆ ಪ್ರತಿ ಸಲ ಶಾಯಿ ಬದಲಾಗತ್ತೆ, ಗರಿಯ ಮೊನೆ ಬದಲಾಗತ್ತೆ. ಇಲ್ಲಿ ಎಲ್ಲ ಒಂದೇ ಕಲಸಿನ ಶಾಯಿ. ಗರಿ ಸವೆದಿದ್ದೂ ಮೊದಲ ಹಾಳೆಯಿಂದ ಕೊನೇ ಹಾಳೆ ತನಕ ಒಂದೇ ಸಮ. ಕೂತವನು ಏಳದೆ ಬರೆದಿದ್ದಾನೆ. ಐದು ತಾಸಿನ ಕೆಲಸ ಸ್ವಾಮಿ ಇದು. ನಮ್ಮ ಮನೇಲಿ ಹಗಲು ಹೊತ್ತು ಎರಡು ತಾಸು ಗಂಟೆ ಹೊಡೆಯದೆ ಇದ್ದದ್ದು ಯಾವತ್ತು?"

"ರಾತ್ರಿ?"

"ರಾತ್ರಿ ದೀಪ ಆರಿಸೋ ಬ್ರದರ್ ಪ್ರತಿ ಕೋಣೆ ಇಣುಕ್ತಾನೆ."

ಅವರು ಗರಿಯನ್ನು ಕೆಳಗಿಡಲಿಲ್ಲ. ಆದರೆ ನನ್ನನ್ನು ನೋಡಿದರು. ಬೂದುಬಣ್ಣದ ಕಣ್ಣು. ರೆಪ್ಪೆ ಬಡಿಯಲೇ ಇಲ್ಲ.

"ಅಂದರೆ ಬರೆದವನು ಬೇರೆ. ಕೊರಾದೊ ಅಕ್ಷರವನ್ನ ಅವರ ಹಾಗೇ ಬರೆಯಬಲ್ಲವನು. ಅಂಥವನು ಈ ಮನೇಲಿ ಯಾರಿದ್ದಾನೆ ಬ್ರದರ್?"

ನಾನು ನೆಲ ನೋಡಿದೆ.

"ಹೇಳು ಮಾರಾಯ. ಹೇಳೋಕೆ ತಾನೇ ಇಷ್ಟೆಲ್ಲ ಹೊತ್ಕೊಂಡು ಬಂದದ್ದು?"

"ನೀವು ಸ್ವಾಮಿ."

ಹೇಳಿಬಿಟ್ಟೆ. ಅಗುಳಿ ನನ್ನ ಹಿಂದಿತ್ತು, ಆದರೆ ಮೂರು ಹೆಜ್ಜೆ ದೂರ. ಚಾಕು ಅವರಿಗೆ ಗೇಣು ದೂರ.

"ಇದನ್ನ ಇನ್ಯಾರಿಗಾದ್ರೂ ತೋರಿಸಿದ್ಯಾ?"

"ರೆಕ್ಟರ್ ಸ್ವಾಮಿಗೆ," ಎಂದೆ ತಡಮಾಡದೆ. ನನ್ನೊಬ್ಬನ ಬಾಯಿ ಮುಚ್ಚಿಸಿ ಪ್ರಯೋಜನವಿಲ್ಲ ಎಂದು ಅವರಿಗೆ ತಿಳಿಯಲಿ ಎಂದೇ ಹೇಳಿದೆ. "ಇವತ್ತು ಬೆಳಿಗ್ಗೆ. ಚೆನ್ನಾಗಿ ಗಂಟು ಕಾಣೋ ಎರಡು ಹಾಳೆ ಅವರೇ ಇಟ್ಕೊಂಡಿದ್ದಾರೆ."

ನಿಜವೇ ಅದು. ನಮ್ಮ ರೆಕ್ಟರ್ ಫಾದರ್ ಇಪ್ಪೊಲಿತೊ ಅವರಿಗೆ ಗುಟ್ಟು ಹೇಳುವುದು ದೊಡ್ಡ ಪಾಡು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಾರೆ. ಪೂರ್ತಿ ತಿಳಿಸಲು ಕಿವಿಗೆ ಕೂಗಿದರೆ ಅಡುಗೆಮನೆಯವರಿಗೂ ಗೊತ್ತಾಗುತ್ತದೆ. ಅದಕ್ಕೆ ಸ್ಲೇಟು ಹಿಡಿದು ನನ್ನ ವಕ್ರ ಅಕ್ಷರದಲ್ಲಿ ಬರೆದು ತೋರಿಸಿದ್ದೆ. ಓದಿ ಮುಗಿಸಿದಾಗ ಆ ಮುದುಕನ ಕಣ್ಣಲ್ಲಿ ನೀರಿತ್ತು.

"ಕೊರಾದೊ ಮತ್ತೆ ನಾನು ಒಂದೇ ಬೆಂಚಲ್ಲಿ ಕೂತವರಪ್ಪಾ," ಎಂದಿದ್ದರು. "ಒಬ್ಬರೇ ಮೇಷ್ಟ್ರ ಬೆತ್ತದ ಏಟು ತಿಂದು ಅಕ್ಷರ ತಿದ್ದಿದವರು." ನನ್ನ ಭುಜ ತಟ್ಟಿ, "ಇದನ್ನ ಯಾರಿಗೂ ಹೇಳಬೇಡ, ನಾನು ನೋಡ್ಕೋತೀನಿ. ಪಾಪ, ಆ ಲೇಲಿಯೊ ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲವಂತೆ," ಎಂದಿದ್ದರು. ಅಷ್ಟು ಕೇಳಿಯೇ ನನಗೆ ಅರ್ಧ ಭಾರ ಇಳಿದಂತಾಗಿತ್ತು.

ಫಾದರ್ ತೆದಾಲ್ದಿ ಚಾಕು ಮುಟ್ಟಲಿಲ್ಲ. ಅವರು ನಕ್ಕರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನಾನು ಯಾಕೆ ದೂರು ಬರೆದೆ ಗೊತ್ತಾ? ಬಿಂದುವಿಗೆ ಉದ್ದವಿಲ್ಲ, ಅಗಲವಿಲ್ಲ. ಏನೂ ಇಲ್ಲದ್ದನ್ನ ಸಾವಿರ ಸಲ ಕೂಡಿಸಿದ್ರೂ ಏನೂ ಇಲ್ಲವೇ. ಅದರಿಂದ ಗೆರೆ ಹೇಗೆ ಹುಟ್ಟತ್ತೆ? ಹದಿನಾರು ವರ್ಷ ಕೇಳಿದೆ ಅವರನ್ನ. ಪ್ರತಿ ಸಲ ಏನೋ ಒಂದು ಹೇಳಿ ನನ್ನ ಬಾಯಿ ಮುಚ್ಚಿಸ್ತಿದ್ರು. ಒಂದು ಸಲವೂ ನಾನು ಗೆಲ್ಲಲಿಲ್ಲ."

"ನನ್ನ ಹತ್ರನೂ ಹೇಳ್ತಿದ್ರು ಸ್ವಾಮಿ. ಹಾಳೆಗೆ ದಪ್ಪವೇ ಇಲ್ಲ ಅಂದ್ಕೊ, ಆದ್ರೂ ನಿನ್ನ ಪುಸ್ತಕಕ್ಕೆ ದಪ್ಪ ಇದೆಯಲ್ಲ ಅಂತ. ದಪ್ಪ ಇಲ್ಲದ ಹಾಳೆಗೆ ನಾನು ಸೂಜಿ ಎಲ್ಲಿ ಚುಚ್ಚಲಿ ಅಂತ ಕೇಳಿದ್ದಕ್ಕೆ ಒಂದು ವಾರ ನಗ್ತಾ ಇದ್ರು."

"ನನ್ನ ಹತ್ರ ನಗಲಿಲ್ಲ." ಅವರ ದನಿ ಇಳಿಯಿತು. "ಅವರು ಸೋಲೋದನ್ನ ನೋಡಬೇಕಿತ್ತು ನಾನು. ಸಾಯೋದನ್ನಲ್ಲ. ಈ ಹನ್ನೆರಡು ಹಾಳೆ ಸಿಕ್ಕಾಗ ಆಸೆಯಿಂದ ಓದಿದೆ ಬ್ರದರ್, ನಾಚಿಕೆ ಬಿಟ್ಟು ಹೇಳ್ತೀನಿ. ನನ್ನ ಯಾವ ವಾದಕ್ಕೆ ಸೋತರು ಅಂತ ಹುಡುಕಿದೆ. ಒಂದು ವಾದವೂ ಇಲ್ಲ ಅದರಲ್ಲಿ! ರೋಮಿನವರು ತಪ್ಪು ಅಂದ್ರು, ಆದ್ದರಿಂದ ತಪ್ಪು. ಅಷ್ಟೇ. ಕಾರಣ ಕೊಡದೆ ಕೊರಾದೊ ಉಪ್ಪು ಕೊಡಿ ಅಂತಲೂ ಕೇಳಿದವರಲ್ಲ."

"ಹಾಗಾದ್ರೆ ನಿಮಗೂ ಅನುಮಾನ ಇತ್ತು?"

"ಇತ್ತು."

"ಇದ್ದೂ ಆ ಪತ್ರ ಬರೀತಿದ್ದೀರಾ?"

"ರೆಕ್ಟರ್ ಆಜ್ಞೆ," ಎಂದರು. ಮತ್ತೆ ಬರೆಯತೊಡಗಿದರು. ಗರಿ ಲೇಲಿಯೊನ ಹೆಸರಿನ ಮೇಲೆ ಸಾಗುತ್ತಿರುವುದು ನನಗೂ ತಿಳಿಯಿತು. ಹೆಸರು ಯಾವ ಭಾಷೆಯಲ್ಲೂ ಹೆಸರೇ. ಸಿಟ್ಟು ನೆತ್ತಿಗೇರಿತು. ಹೆದರಿಕೆಯನ್ನು ಮೀರಿದ ಸಿಟ್ಟು. ಆ ಕಾಗದ ಕಿತ್ತು ಹರಿಯಬೇಕು ಎಂದು ಕೈ ಚಾಚಿದೆ.

ಆಗ ಗಂಟೆ ಹೊಡೆಯಿತು.

ಸಂಜೆಯ ಪ್ರಾರ್ಥನೆಯ ಗಂಟೆ. ಫಾದರ್ ತೆದಾಲ್ದಿಯವರ ಕೈ ಅಲ್ಲೇ ನಿಂತಿತು. ಅವರು ಯೋಚಿಸಿ ನಿಲ್ಲಿಸಿದ್ದಲ್ಲ. ಕಾಗದದ ಮೇಲೆ ಅರ್ಧ ಅಕ್ಷರ, ಇನ್ನೂ ಹಸಿ, ದೀಪಕ್ಕೆ ಹೊಳೆಯುತ್ತಿತ್ತು.

ಇಬ್ಬರೂ ಅದನ್ನೇ ನೋಡಿದೆವು.

"ನಾನು ಬರೆದಿದ್ರೆ," ಎಂದರು ಅವರು ನಿಧಾನವಾಗಿ, "ನನ್ನ ಕೈಯೂ ನಿಲ್ಲುತ್ತಿತ್ತು."

ಹೌದು. ಇಡೀ ಮೂರು ದಿನ ಹಾಳೆಗಳನ್ನು ತಿರುವಿದ ನನ್ನಂಥ ಮೂಢನಿಗೆ ಅದು ಹೊಳೆದಿರಲಿಲ್ಲ. ಗಂಟು ಇಲ್ಲ, ಆದ್ದರಿಂದ ಬರೆದವರು ಕೊರಾದೊ ಅಲ್ಲ ಎಂದು ಅಲ್ಲಿಗೇ ನಿಂತಿದ್ದೆ. ಈ ಮನೆಯಲ್ಲಿ ಅರವತ್ತೊಂದು ಜನ. ಮೋಸಕ್ಕೆ ಕೂತವನ ಕೈ ಕೂಡ ಗಂಟೆಗೆ ನಿಲ್ಲುತ್ತದೆ.

"ಎಲ್ಲರ ಕೈಯೂ ನಿಲ್ಲತ್ತೆ ಸ್ವಾಮಿ," ಎಂದೆ. "ಗಂಟೆ ಕೇಳಿಸಿದ ಎಲ್ಲರ ಕೈಯೂ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಫಾದರ್ ತೆದಾಲ್ದಿ ಗರಿ ಕೆಳಗಿಟ್ಟರು. "ಹಿಂದಿನ ವಾರ..." ಎಂದರು.

"ಭಾನುವಾರದಿಂದ ಮಂಗಳವಾರ. ರೆಕ್ಟರ್ ಸ್ವಾಮಿ ಮೌನಧ್ಯಾನ ಅಂತ ಬಾಗಿಲು ಹಾಕ್ಕೊಂಡಿದ್ರು. ಗಂಟೆ ಆಯ್ತು ಅಂತ ಮೊಣಕೈ ಮುಟ್ಟಿ ಎಬ್ಬಿಸೋಕೂ ಯಾರೂ ಬರಬೇಡಿ ಅಂದಿದ್ರು. ಊಟದ ತಟ್ಟೆ ಹೊರಗಿಟ್ಟು ಬಂದವನು ನಾನೇ." ನಾನು ಹಾಳೆಯನ್ನು ಜೋಳಿಗೆಗೆ ತುರುಕಿದೆ. "ಯಾಕೆ ಸ್ವಾಮಿ? ಅಂಥ ಮನುಷ್ಯ ಯಾಕೆ?"

"ರೋಮಿನಿಂದ ಪತ್ರ ಬಂದಿತ್ತು. ಕ್ರಿಸ್ಮಸ್ ಒಳಗೆ ಕೊರಾದೊ ತಪ್ಪೊಪ್ಪದಿದ್ರೆ ತತ್ತ್ವಶಾಸ್ತ್ರದ ಪೀಠವನ್ನೇ ಇಲ್ಲಿಂದ ಕಿತ್ತು ಹಾಕ್ತೀವಿ ಅಂತ. ಈ ಕಾಲೇಜನ್ನ ಕಲ್ಲುಕಲ್ಲು ಎತ್ತಿಸಿ ಕಟ್ಟಿದವರು ಅವರು."

ಸುಳ್ಳು ಕ್ಷಮಾಪಣೆ ಬರೆದಿಟ್ಟರೆ ಸಾಲದು. 'ಇದು ನನ್ನದಲ್ಲ' ಎಂದು ಹೇಳುವ ಬಾಯಿಯೂ ಮುಚ್ಚಬೇಕಲ್ಲ. ಮುಂದಿನದನ್ನು ನಾನು ಯೋಚಿಸಲಿಲ್ಲ, ಏಕೆಂದರೆ ರೆಕ್ಟರ್ ಸ್ವಾಮಿಯ ಬೆಳಗಿನ ಮಾತು ನೆನಪಾಯಿತು. ಪಾಪ, ಆ ಲೇಲಿಯೊ ಸರಿಯಾಗಿ ಉಂಡಿಲ್ಲವಂತೆ. ಅವನು ಇಂದೇ ಸತ್ತರೆ ತಪ್ಪಿತಸ್ಥ ತಾನೇ ವಿಷ ಉಂಡ ಎಂದಾಗುತ್ತದೆ, ಹಾಳೆಯ ಮಾತು ಅಲ್ಲಿಗೇ ಮುಗಿಯುತ್ತದೆ.

ನಾನು ಅಗುಳಿ ಎಳೆದು ಓಡಿದೆ. ನಮ್ಮಲ್ಲಿ ಓಡುವುದೂ ತಪ್ಪು.

ಪಡಸಾಲೆಯಲ್ಲಿ ಎಲ್ಲರೂ ಎರಡು ಸಾಲಾಗಿ, ತಲೆ ತಗ್ಗಿಸಿ, ಮೌನವಾಗಿ ದೇವಾಲಯದ ಕಡೆ ನಡೆಯುತ್ತಿದ್ದರು. ಸಾಲಿನ ಮುಂದೆ ಯಾವಾಗಲೂ ರೆಕ್ಟರ್ ಇರುತ್ತಾರೆ. ಇಂದು ಆ ಜಾಗ ಖಾಲಿ ಇತ್ತು. ಅಷ್ಟು ಜನರ ನಡುವೆ ನುಗ್ಗಿ ಹೋದರೂ ಒಬ್ಬರೂ ತಲೆಯೆತ್ತಲಿಲ್ಲ, ಒಬ್ಬರೂ 'ಏನಾಯಿತು' ಎನ್ನಲಿಲ್ಲ. ಆ ಮೌನವನ್ನು ನಾನು ಜೀವನವಿಡೀ ಪ್ರೀತಿಸಿದ್ದೆ. ಅವತ್ತು ಅದಕ್ಕೆ ಹೆದರಿದೆ.

ಮೆಟ್ಟಿಲು ಹತ್ತುವಾಗ ಎರಡು ಸಲ ಎಡವಿದೆ. ಹಿಂದೆ ಫಾದರ್ ತೆದಾಲ್ದಿಯವರ ಏದುಸಿರು ಕೇಳುತ್ತಿತ್ತು.

ಲೇಲಿಯೊನ ಕೋಣೆಯ ಬಾಗಿಲು ನಿಯಮದಂತೆ ತೆರೆದೇ ಇತ್ತು.

ಒಳಗೆ ರೆಕ್ಟರ್ ಸ್ವಾಮಿ ಮುಕ್ಕಾಲಿಯ ಮೇಲೆ ಕೂತಿದ್ದರು. ಮೇಜಿನ ಮೇಲೆ ಆನೋಲಿನಿ ಎಂಬ ಪುಟ್ಟ ಹಿಟ್ಟಿನ ಕಡುಬು ತೇಲುವ ಕೋಳಿಸಾರು, ಬಿಸಿ ಹಬೆಯಾಡುತ್ತಿತ್ತು. ಲೇಲಿಯೊ ಎದ್ದು ಕೈಕಟ್ಟಿ ನಿಂತಿದ್ದ. ಚಮಚ ಬಟ್ಟಲ ಪಕ್ಕದಲ್ಲಿ, ತುಂಬಿದ್ದು ಚೆಲ್ಲಿ, ಬಿದ್ದಿತ್ತು.

"ಯಾಕೆ ಎದ್ದುಬಿಟ್ಟೆ ಮಗು?" ಎನ್ನುತ್ತಿದ್ದರು ರೆಕ್ಟರ್, ಕಿವಿ ಕೇಳದವರ ಎತ್ತರದ ದನಿಯಲ್ಲಿ. "ಚೆನ್ನಾಗಿಲ್ವಾ? ಕೂತ್ಕೊ, ಮುಗಿಸು. ಆರಿಹೋಗತ್ತೆ."

ಗಂಟೆ ಹೊಡೆದದ್ದು ಅವರಿಗೆ ಗೊತ್ತೇ ಇರಲಿಲ್ಲ.

"ಎಷ್ಟು ತಿಂದ್ರಿ?" ಎಂದು ನಾನು ಲೇಲಿಯೊನ ಎರಡೂ ತೋಳು ಹಿಡಿದು ಅಲುಗಿಸಿದೆ. "ಎಷ್ಟು ತಿಂದ್ರಿ ಹೇಳಿ!"

"ಮೂರು ಚಮಚ," ಎಂದ ಅವನು, ಗಾಬರಿಯಾಗಿ. "ನಾಲ್ಕನೇದಕ್ಕೆ ಗಂಟೆ ಆಯ್ತು, ಇಟ್ಟುಬಿಟ್ಟೆ. ಯಾಕೆ ಬ್ರದರ್? ಏನಾಯ್ತು?"

ರೆಕ್ಟರ್ ನನ್ನ ತುಟಿ ನೋಡುತ್ತಿದ್ದರು. ಆಮೇಲೆ ಫಾದರ್ ತೆದಾಲ್ದಿಯವರ ಮುಖ ನೋಡಿದರು. ಆಮೇಲೆ ನನ್ನ ಜೋಳಿಗೆಯಿಂದ ಇಣುಕುತ್ತಿದ್ದ ಹಾಳೆಗಳನ್ನು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಬೆಳಿಗ್ಗೆ ಇದ್ದ ಅದೇ ಮಮತೆ ಇತ್ತು. ನಾನು ಹೆದರಿದ್ದು ಅದಕ್ಕೆ.

ಬಟ್ಟಲಿಗೆ ಕೈ ಹಾಕಿದೆ, ಕಿಟಕಿಯಿಂದ ಆಚೆ ಚೆಲ್ಲೋಣ ಎಂದು. ಅವರು ನನ್ನ ಮಣಿಕಟ್ಟು ಹಿಡಿದರು. ಮುದಿ ಕೈ, ಆದರೆ ಬಿಗಿ.

"ಚೆಲ್ಲಬೇಡ ಬ್ರದರ್. ಇದರಲ್ಲಿ ಏನೋ ಇದೆ ಅಂತ ನಿನಗೆ ಅನುಮಾನ. ಅಲ್ವಾ?"

ನಾನು ತಲೆಯಾಡಿಸಿದೆ.

"ನಾನು ನಿನ್ನ ಮೇಲಿನವನು. ಮೇಲಿನವರ ಮಾತಿನಲ್ಲಿ ಕ್ರಿಸ್ತನ ಮಾತು ಕೇಳ್ತೀನಿ ಅಂತ ನೀನು ಬಲಿಪೀಠದ ಮುಂದೆ ಮಂಡಿಯೂರಿ ಹೇಳಿದ್ದೆ. ನೆನಪಿದೆಯಾ?" ಅವರು ಬಟ್ಟಲನ್ನು ನನ್ನ ಕಡೆ ಸರಿಸಿದರು. ದನಿ ಒಮ್ಮೆಲೇ ತಗ್ಗಿತು. "ಪವಿತ್ರ ವಿಧೇಯತೆಯ ಹೆಸರಿನಲ್ಲಿ ಹೇಳ್ತಿದ್ದೀನಿ, ಬ್ರದರ್ ನಜಾರಿಯೊ. ಉಳಿದದ್ದನ್ನ ನೀನು ಉಣ್ಣು."

ಆ ನಾಲ್ಕು ಪದಗಳನ್ನು ನಮ್ಮಲ್ಲಿ ಸುಮ್ಮಸುಮ್ಮನೆ ಬಳಸುವುದಿಲ್ಲ. ಮೂವತ್ತೆಂಟು ವರ್ಷದಲ್ಲಿ ಯಾರಿಗೂ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮೀರಿದವನಿಗೆ ಸಂಘದಲ್ಲಿ ಜಾಗವಿಲ್ಲ, ಸ್ವರ್ಗದಲ್ಲೂ ಇಲ್ಲ ಎಂದು ಕಲಿತಿದ್ದೆ. ಪಾಪದ ಆಜ್ಞೆ ಪಾಲಿಸಬೇಕಿಲ್ಲ ಎಂಬುದೂ ಗೊತ್ತಿತ್ತು. ಆದರೆ ಸಾರಿನಲ್ಲಿ ಏನೂ ಇಲ್ಲದಿದ್ದರೆ? ಅದು ಬರೀ ಸಾರು, ಬರೀ ಆಜ್ಞೆ ಆಗಿದ್ದರೆ?

ತಿರುಗಿ ಫಾದರ್ ತೆದಾಲ್ದಿಯವರನ್ನು ನೋಡಿದೆ. ಬಾಯಿ ತೆರೆದಿದ್ದರು. ಎಂಥ ವಾದಕ್ಕೂ ಹಿಂಜರಿಯದ ಮನುಷ್ಯ ಆ ನಾಲ್ಕು ಪದಗಳ ಮುಂದೆ ಕಂಬದಂತೆ ನಿಂತಿದ್ದರು.

"ಬ್ರದರ್," ಎಂದ ಲೇಲಿಯೊ ನನ್ನ ಹಿಂದಿನಿಂದ. ಅವನ ದನಿ ಬೇರೆಯಾಗಿತ್ತು. "ಬಾಯೆಲ್ಲ ಉರೀತಿದೆ. ಸಾರು ಬಿಸಿ ಇದ್ದದ್ದಕ್ಕಾ?"

ಕೆಳಗೆ ದೇವಾಲಯದಲ್ಲಿ ಪ್ರಾರ್ಥನೆ ಶುರುವಾಯಿತು. ಅಂಗಳಕ್ಕೆ ಗಾಡಿ ಬಂದು ನಿಂತ ಸದ್ದಾಯಿತು.

ಬಟ್ಟಲ ಕಡೆ ನೋಡಿದೆ. ಚಮಚ ನನ್ನ ಕೈಯಲ್ಲಿತ್ತು. ಯಾವಾಗ ತೆಗೆದುಕೊಂಡೆನೋ ನನಗೇ ತಿಳಿಯದು.